"ಇವತ್ತೇ ಸೇರಿ" ಅಂದರೆ ಏನು ಮಾಡಬೇಕು? ಆನ್‌ಲೈನ್ ನೆಟ್‌ವರ್ಕ್ ಮಾರ್ಕೆಟಿಂಗ್ ಒತ್ತಡದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗುರುತಿನವರ ಫೋನ್ ಬರುತ್ತದೆ. ಹಿಂದೆಯೇ ಒಂದು ಜೂಮ್ ಲಿಂಕ್. ಎರಡು ಗಂಟೆ ಕಳೆಯುವಷ್ಟರಲ್ಲಿ "ಪೇಮೆಂಟ್ ಹೇಗೆ ಮಾಡ್ತೀರಾ?" ಅನ್ನುವ ಮಾತು. ದುಡ್ಡು ಕಟ್ಟಿ ಸದಸ್ಯರಾಗಿ, ಮಾಲು ಮಾರಿ, ನಿಮ್ಮ ಕೆಳಗೆ ಬೇರೆಯವರನ್ನೂ ಸೇರಿಸಿ ಕಮಿಷನ್ ಪಡೆಯಿರಿ ಅನ್ನುವ ವ್ಯಾಪಾರವೇ ನೆಟ್‌ವರ್ಕ್ ಮಾರ್ಕೆಟಿಂಗ್. ಕೆಳಗಿನ ಪ್ರಶ್ನೆಗಳೆಲ್ಲ ಆ ಎರಡು ಗಂಟೆಯ ಸುತ್ತಮುತ್ತ ಹುಟ್ಟುವಂಥವು. ಎಷ್ಟೇ ಓದಿದವರಾದರೂ ಯೋಚಿಸಲು ಟೈಮ್ ಸಿಗದಿದ್ದರೆ ತಪ್ಪು ನಿರ್ಧಾರ ಮಾಡುತ್ತಾರೆ. ಆ ಟೈಮನ್ನು ಕಾಪಾಡಿಕೊಳ್ಳುವುದು ಹೇಗೆ ಅನ್ನುವುದೇ ಇಲ್ಲಿ ಮುಖ್ಯ ವಿಷಯ.

ಹಳೇ ಕ್ಲಾಸ್‌ಮೇಟ್ ಫೋನ್ ಮಾಡಿ, "ಒಳ್ಳೆ ಬಿಸಿನೆಸ್ ಇದೆ, ಫೋನಲ್ಲಿ ಹೇಳೋಕಾಗಲ್ಲ, ರಾತ್ರಿ ಜೂಮ್‌ಗೆ ಬಾ" ಅಂತಿದ್ದಾನೆ. ಇದು ಅದೇನಾ?

ಬಹುಮಟ್ಟಿಗೆ ಅದೇ. ಖಚಿತ ಮಾಡಿಕೊಳ್ಳಲು ಒಂದೇ ಪ್ರಶ್ನೆ ಕೇಳಿ: "ಕಂಪನಿ ಹೆಸರೇನು?" ಹೆಸರು ಹೇಳದೆ "ಮೊದಲು ಪ್ಲ್ಯಾನ್ ನೋಡು, ಆಮೇಲೆ ಹೇಳ್ತೀನಿ" ಅಂದರೆ ಅಲ್ಲಿಗೇ ನಿಲ್ಲಿಸಬಹುದು.

ಹೆಸರು ಮುಚ್ಚಿಡುವುದು ಕಾನೂನಿಗೂ ವಿರುದ್ಧ. ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಗ್ರಾಹಕ ಸಂರಕ್ಷಣೆ (ನೇರ ಮಾರಾಟ) ನಿಯಮಗಳನ್ನು ತಂದಿದೆ. ಅದರ ಪ್ರಕಾರ ಮಾರುವವನು ಮಾತು ಶುರು ಮಾಡುವಾಗಲೇ, ನೀವು ಕೇಳದೇ ಇದ್ದರೂ, ತಾನು ಯಾರು, ಯಾವ ಕಂಪನಿ ಕಡೆಯವನು, ಏನು ಮಾರುತ್ತಿದ್ದೇನೆ, ಯಾಕೆ ಬಂದಿದ್ದೇನೆ ಅಂತ ಸರಿಯಾಗಿ ಹೇಳಬೇಕು. ಮನೆಗೆ ಬರುವುದಾದರೆ ಗುರುತಿನ ಚೀಟಿ ಇರಬೇಕು, ಮೊದಲೇ ನಿಮ್ಮ ಒಪ್ಪಿಗೆ ಪಡೆದಿರಬೇಕು. ನಿಮ್ಮ ಗೆಳೆಯನಿಗೆ ಈ ನಿಯಮದ ವಿಚಾರ ಗೊತ್ತಿಲ್ಲದೇ ಇರಬಹುದು. "ಹೆಸರು ಹೇಳಬೇಡ, ಕುತೂಹಲ ಮಾತ್ರ ಹುಟ್ಟಿಸು" ಅಂತ ಮೇಲಿನವರು ಹೇಳಿಕೊಟ್ಟಿದ್ದನ್ನೇ ಅವನು ಮಾಡುತ್ತಿರುತ್ತಾನೆ.

ಆ ಜೂಮ್ ಮೀಟಿಂಗಲ್ಲಿ ಏನು ನಡೆಯುತ್ತದೆ? ಸುಮ್ನೆ ಕೇಳಿಸಿಕೊಂಡು ಬಂದರೆ ತಪ್ಪೇನು?

ಕೇಳಿಸಿಕೊಳ್ಳುವುದು ತಪ್ಪಲ್ಲ. ಆದರೆ ಒಳಗೆ ಏನಾಗುತ್ತದೆ ಅಂತ ಗೊತ್ತಿದ್ದು ಹೋಗಿ.

ಶುರುವಿನಲ್ಲಿ ಪ್ರಾಡಕ್ಟ್ ಮಾತೇ ಇರುವುದಿಲ್ಲ. "ಬೆಳಗ್ಗೆಯಿಂದ ಸಂಜೆವರೆಗೆ ದುಡಿದು ಯಾರು ಮನೆ ಕಟ್ಟಿದ್ದಾರೆ ಹೇಳಿ ನೋಡೋಣ" ಅಂತ ಆರಂಭ. ಇಎಂಐ, ಮಕ್ಕಳ ಸ್ಕೂಲ್ ಫೀಸು, ಅಪ್ಪ ಅಮ್ಮನ ಆಸ್ಪತ್ರೆ ಖರ್ಚು, ಹೀಗೆ ನಿಮ್ಮ ಚಿಂತೆಗಳನ್ನೆಲ್ಲ ಮೇಲಕ್ಕೆ ತರುತ್ತಾರೆ. ಕನಸುಗಳನ್ನು ಹಾಳೆಯ ಮೇಲೆ ಬರೆಯಿರಿ ಅನ್ನುತ್ತಾರೆ. ಆಮೇಲೆ ಲೀಡರ್‌ನ ಕಾರು, ಫಾರಿನ್ ಟೂರಿನ ಫೋಟೊಗಳು. ಕೊನೆಗೆ ಬೋರ್ಡ್ ಮೇಲೆ ವೃತ್ತಗಳು: ಎಡಕ್ಕೊಬ್ಬರು, ಬಲಕ್ಕೊಬ್ಬರು, ಅವರ ಕೆಳಗೆ ಇಬ್ಬಿಬ್ಬರು. ಇಷ್ಟು ಹೊತ್ತೂ ನಿಮ್ಮ ಮೈಕ್ ಮ್ಯೂಟ್. ಪ್ರಶ್ನೆ ಕೇಳಿದರೆ "ಲಾಸ್ಟಲ್ಲಿ ತಗೋತೀವಿ ಸರ್". ಲಾಸ್ಟಲ್ಲಿ ಪ್ರಶ್ನೆಗಳ ಬದಲು ಒಬ್ಬೊಬ್ಬರ ಅನುಭವ ಕಥನ ಶುರುವಾಗುತ್ತದೆ.

ನಿಜವಾದ ಒತ್ತಡ ಮೀಟಿಂಗ್ ಮುಗಿದ ತಕ್ಷಣದ ಫೋನಲ್ಲಿರುತ್ತದೆ. ಗೆಳೆಯ ಕಾಲ್ ಮಾಡಿ, ತನ್ನ ಅಪ್‌ಲೈನನ್ನು, ಅಂದರೆ ತನ್ನನ್ನು ಸೇರಿಸಿದ ಮೇಲಿನವನನ್ನು, ಕಾನ್ಫರೆನ್ಸ್‌ಗೆ ತೆಗೆದುಕೊಳ್ಳುತ್ತಾನೆ. ಈಗ ನೀವು ಒಬ್ಬರು, ಅವರು ಇಬ್ಬರು. ಅಪ್‌ಲೈನ್ ನಿಮ್ಮನ್ನು "ಸೇರ್ತೀರಾ?" ಅಂತ ಕೇಳುವುದಿಲ್ಲ. "ಇದರಲ್ಲಿ ನಿಮಗೆ ಏನು ಇಷ್ಟ ಆಯ್ತು?" ಅಂತ ಕೇಳುತ್ತಾನೆ. ಮರ್ಯಾದೆಗೆ ನೀವು ಏನೋ ಒಂದು ಹೇಳುತ್ತೀರಿ. ಅದನ್ನೇ ಹಿಡಿದು "ಹಾಗಾದ್ರೆ ಸಿಲ್ವರ್ ಪ್ಯಾಕೇಜ್ ತಗೋತೀರಾ, ಗೋಲ್ಡಾ?" ಅನ್ನುತ್ತಾನೆ. ಬೇಡ ಅನ್ನುವುದಕ್ಕೆ ಆ ಪ್ರಶ್ನೆಯಲ್ಲಿ ಜಾಗವೇ ಇಲ್ಲ. "ಮನೇಲಿ ಕೇಳ್ಬೇಕು" ಅಂದರೆ "ಮೊದಲ ಚೆಕ್ ಬಂದ್ಮೇಲೆ ಮನೆಯವರಿಗೆ ಸರ್‌ಪ್ರೈಸ್ ಕೊಡಿ" ಅನ್ನುವ ಉತ್ತರ ರೆಡಿ ಇರುತ್ತದೆ. ನನಗೆ ಈ ಒಂದು ಮಾತೇ ಎಲ್ಲಕ್ಕಿಂತ ಅಪಾಯಕಾರಿ ಅನ್ನಿಸುತ್ತದೆ. ಮನೆಯವರಿಂದ ಮುಚ್ಚಿಡಿ ಅನ್ನುವ ಯಾವ ವ್ಯವಹಾರವೂ ಬೇಡ.

ಹೋಗಲೇಬೇಕಾದರೆ ಮನೆಯವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಇವತ್ತು ದುಡ್ಡು ಕಟ್ಟುವುದಿಲ್ಲ ಅಂತ ಮೊದಲೇ ಅವರಿಗೆ ಹೇಳಿರಿ. ಸೇರುವಾಗ ಎಷ್ಟು, ತಿಂಗಳು ತಿಂಗಳು ಎಷ್ಟರ ಮಾಲು ಕೊಳ್ಳಬೇಕು, ಬೇಡ ಅಂದರೆ ವಾಪಸ್ ಎಷ್ಟು, ಈ ಮೂರು ಲೆಕ್ಕ ಬರೆದುಕೊಂಡು ಬನ್ನಿ. ಎರಡು ಗಂಟೆ ಕೇಳಿದರೂ ಈ ಮೂರು ಸಿಗದಿದ್ದರೆ ಅದೇ ನಿಮಗೆ ಉತ್ತರ. ಮತ್ತೆ, "ಐಡಿ ಬ್ಲಾಕ್ ಮಾಡೋಕೆ" (ಸದಸ್ಯತ್ವದ ನಂಬರ್ ಕಾದಿರಿಸೋಕೆ) ಅಂತ ಆಧಾರ್, ಪ್ಯಾನ್ ಫೋಟೊ ಕೇಳಿದರೆ ಕಳಿಸಬೇಡಿ.

"ಈ ಆಫರ್ ರಾತ್ರಿ 12ರವರೆಗೆ ಮಾತ್ರ, ನಾಳೆ ರೇಟ್ ಜಾಸ್ತಿ ಆಗುತ್ತೆ" ಅಂತಾರೆ. ನಿಜ ಇದ್ದರೆ?

ನಿಜವೇ ಇರಲಿ, ಬಿಟ್ಟುಬಿಡಿ. ವರ್ಷಗಟ್ಟಲೆ ದುಡಿಯಬೇಕಾದ ಬಿಸಿನೆಸ್ ಅಂತ ಅವರೇ ಹೇಳುತ್ತಾರೆ. ವರ್ಷಗಟ್ಟಲೆ ನಡೆಯುವ ಬಿಸಿನೆಸ್‌ಗೆ ಒಂದು ರಾತ್ರಿ ಕಾಯಲು ಆಗುವುದಿಲ್ಲವಾ? "ನಿಮ್ಮ ಜಾಗಕ್ಕೆ ಇನ್ನೊಬ್ಬರು ಬಂದುಬಿಡ್ತಾರೆ" ಅನ್ನುವ ಮಾತೂ ಇದೇ ಜಾತಿಯದು. ಕೇಳಿದ್ದನ್ನು ಮರುದಿನ ಹಗಲು ಹೊತ್ತಿನಲ್ಲಿ ಬೇರೆಯವರಿಗೆ ವಿವರಿಸಿ ನೋಡಿ. ವಿವರಿಸಲು ಹೋದಾಗಲೇ ಎಲ್ಲಿ ತೂತಿದೆ ಅಂತ ಕಾಣುತ್ತದೆ.

ಕೇಳುತ್ತಿರುವುದು ಸ್ವಂತ ಅತ್ತಿಗೆ. ಬೇಡ ಅಂದರೆ ಸಂಬಂಧ ಕೆಡುತ್ತೆ. ಹೇಗೆ ಹೇಳಲಿ?

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಈ ವ್ಯಾಪಾರ ನಡೆಯುವುದೇ ದಾಕ್ಷಿಣ್ಯದ ಮೇಲೆ. ಸೇರಿದ ಮೊದಲ ವಾರದಲ್ಲೇ ಗೊತ್ತಿರುವವರ ಹೆಸರಿನ ಪಟ್ಟಿ ಬರೆಸುತ್ತಾರೆ. ನೆಂಟರು, ಬೀದಿಯವರು, ಮದುವೆ ಮನೆಯಲ್ಲಿ ಸಿಕ್ಕವರು, ಮಗನ ಕ್ಲಾಸಿನ ಮಕ್ಕಳ ತಾಯಂದಿರು, ಎಲ್ಲರೂ ಅದರಲ್ಲಿರುತ್ತಾರೆ. ನಿಮ್ಮ ಹೆಸರು ಅಲ್ಲಿಂದ ಬಂದಿದೆ.

ಕಾರಣ ಕೊಡಬೇಡಿ. ದುಡ್ಡಿಲ್ಲ, ಟೈಮಿಲ್ಲ, ಮಾತಾಡೋಕೆ ಬರಲ್ಲ, ಯಾವ ಕಾರಣಕ್ಕೂ ಅವರ ಹತ್ತಿರ ಕಲಿತ ಉತ್ತರ ಇದೆ. ಕಾರಣ ಇಲ್ಲದ "ಬೇಡ"ಕ್ಕೆ ಉತ್ತರ ಇಲ್ಲ. ಹೀಗೆ ಹೇಳಬಹುದು: "ಅತ್ತಿಗೆ, ನೀವು ಮಾಡೋದು ನಿಮ್ಮಿಷ್ಟ, ನಂಗೇನೂ ಬೇಜಾರಿಲ್ಲ. ನಾನು ಸೇರಲ್ಲ. ಈ ವಿಷಯ ಇಲ್ಲಿಗೆ ಬಿಡೋಣ, ಊಟಕ್ಕೆ ಯಾವಾಗ ಬರ್ತೀರಾ ಹೇಳಿ." ಮತ್ತೆ ಕೇಳಿದರೆ ಮತ್ತೆ ಅದೇ ಮಾತು, ಅದೇ ದನಿಯಲ್ಲಿ. "ನೋಡ್ತೀನಿ", "ಮುಂದಿನ ತಿಂಗಳು ಹೇಳ್ತೀನಿ" ಅಂತ ಮಾತ್ರ ಹೇಳಬೇಡಿ. ಅವರ ಪಟ್ಟಿಯಲ್ಲಿ ಅದು "ಫಾಲೋಅಪ್" ಅಂತ ದಾಖಲಾಗುತ್ತದೆ.

ಅವರಿಗೆ ಸಹಾಯ ಮಾಡಬೇಕು ಅನ್ನಿಸಿದರೆ ಇನ್ನೊಂದು ದಾರಿ ಇದೆ. "ಒಂದು ಟೂತ್‌ಪೇಸ್ಟ್ ಕೊಡಿ, ದುಡ್ಡು ಕೊಡ್ತೀನಿ, ಐಡಿ ಬೇಡ" ಅನ್ನಿ. ಮಾಲು ಮಾರಿ ಬದುಕುವವರಿಗೆ ಗಿರಾಕಿ ಸಿಕ್ಕರೆ ಖುಷಿಯಾಗಬೇಕು. ಪೇಸ್ಟ್ ಕೊಟ್ಟು ಬಿಲ್ ಕೊಟ್ಟರೆ ಒಳ್ಳೆಯದು. "ಬರೀ ಪೇಸ್ಟ್ ತಗೊಂಡು ಏನು ಪ್ರಯೋಜನ, ಐಡಿ ತಗೋ" ಅಂದರೆ ಅಲ್ಲಿ ಮಾರಾಟಕ್ಕಿರುವುದು ಪೇಸ್ಟ್ ಅಲ್ಲ, ಸದಸ್ಯತ್ವ ಅಂತ ಅರ್ಥ. "ನಾಲ್ಕು ಜನರನ್ನ ಸೇರಿಸಿದ್ರೆ ಕೊಟ್ಟ ದುಡ್ಡು ವಾಪಸ್ ಬಂದುಬಿಡುತ್ತೆ" ಅಂತ ಹೇಳಿ ಮಾಲು ಕೊಳ್ಳಿಸುವುದನ್ನು 2021ರ ನಿಯಮಗಳು ನೇರವಾಗಿಯೇ ತಡೆಯುತ್ತವೆ.

ಕಂಪನಿ ರಿಜಿಸ್ಟರ್ಡ್. ಜಿಎಸ್‌ಟಿ ನಂಬರ್ ಇದೆ, ಸರ್ಟಿಫಿಕೇಟ್‌ಗಳನ್ನೂ ತೋರಿಸಿದರು. ಇನ್ನೇನು ಬೇಕು?

ಕಂಪನಿ ನೋಂದಣಿ ಅಂದರೆ ಆ ಹೆಸರಿನ ಕಂಪನಿ ಇದೆ ಅಂತ ಮಾತ್ರ. ಜಿಎಸ್‌ಟಿ ನಂಬರ್ ಅಂದರೆ ತೆರಿಗೆ ಕಟ್ಟಲು ನೋಂದಾಯಿಸಿದ್ದಾರೆ ಅಂತ. ಅವರ ಪ್ಲ್ಯಾನ್ ಸರಿಯಾಗಿದೆ ಅಂತ ಇವೆರಡರಲ್ಲಿ ಯಾವುದೂ ಹೇಳುವುದಿಲ್ಲ.

ದೊಡ್ಡ ಹೆಸರು, ದೊಡ್ಡ ಆಫೀಸ್ ಕೂಡ ಗ್ಯಾರಂಟಿ ಅಲ್ಲ. 2022ರ ಏಪ್ರಿಲ್‌ನಲ್ಲಿ ಜಾರಿ ನಿರ್ದೇಶನಾಲಯ ಪಿರಮಿಡ್ ವಂಚನೆಯ (ಹೊಸದಾಗಿ ಸೇರಿದವರ ದುಡ್ಡನ್ನೇ ಮೇಲಿನವರಿಗೆ ಹಂಚುವುದು) ಆರೋಪದ ಮೇಲೆ ನೇರ ಮಾರಾಟದ ಕಂಪನಿ ಆಮ್ವೇ ಇಂಡಿಯಾದ 757 ಕೋಟಿ ರೂಪಾಯಿಗೂ ಹೆಚ್ಚಿನ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ಬೆಂಗಳೂರು ಮೂಲದ ಇಂಡಸ್‌ವಿವಾ ಕಂಪನಿಯ ಮೇಲೆ 2021ರಲ್ಲಿ ಹೈದರಾಬಾದ್ ಬಳಿಯ ಸೈಬರಾಬಾದ್ ಪೊಲೀಸರು ಇಂಥದ್ದೇ ಆರೋಪದಲ್ಲಿ ಕೇಸ್ ಹಾಕಿ ಹಲವರನ್ನು ಬಂಧಿಸಿದರು. ಎರಡೂ ಸಂತೆಯಲ್ಲಿ ಹುಟ್ಟಿ ಸಂತೆಯಲ್ಲಿ ಮಾಯವಾದ ಹೆಸರುಗಳಲ್ಲ. ಆರೋಪ ಸಾಬೀತಾಗುವುದು ಕೋರ್ಟಿಗೆ ಬಿಟ್ಟದ್ದು. ಆದರೆ "ಇಷ್ಟು ದೊಡ್ಡ ಕಂಪನಿ ಸುಳ್ಳು ಹೇಳುತ್ತಾ?" ಅನ್ನುವ ಮಾತಿಗೆ ದುಡ್ಡು ಕಟ್ಟಬೇಡಿ.

ಕಾನೂನುಬದ್ಧ ನೇರ ಮಾರಾಟಕ್ಕೂ ಪಿರಮಿಡ್ ಸ್ಕೀಮ್‌ಗೂ ವ್ಯತ್ಯಾಸ ಹೇಗೆ ಕಂಡುಹಿಡಿಯುವುದು?

ದುಡ್ಡು ಎಲ್ಲಿಂದ ಬರುತ್ತಿದೆ ನೋಡಿ. ಸದಸ್ಯರಲ್ಲದ ಮಾಮೂಲಿ ಗಿರಾಕಿ ಮಾಲು ಕೊಂಡು ಕೊಟ್ಟ ದುಡ್ಡಾ? ಅಥವಾ ಹೊಸದಾಗಿ ಸೇರಿದವರು ಕಟ್ಟಿದ ದುಡ್ಡಾ? ಎರಡನೆಯದಾದರೆ ಹೆಸರು ಏನೇ ಇಟ್ಟುಕೊಂಡರೂ ಅದು ಪಿರಮಿಡ್. 2021ರ ನಿಯಮಗಳು ಇದನ್ನು ನಿಷೇಧಿಸಿವೆ. ಹಣ ಚಲಾವಣೆ ಯೋಜನೆಗಳನ್ನು ನಿಷೇಧಿಸುವ 1978ರ ಕೇಂದ್ರ ಕಾಯ್ದೆ ಅದಕ್ಕಿಂತ ಬಹಳ ಹಳೆಯದು.

ಲೆಕ್ಕ ಹಾಕಿದರೆ ಇನ್ನೂ ಸ್ಪಷ್ಟ. "ಬರೀ 5 ಜನರನ್ನ ಸೇರಿಸಿ, ಅವರು ತಲಾ 5 ಜನರನ್ನ ಸೇರಿಸ್ತಾರೆ" ಅನ್ನುತ್ತಾರಲ್ಲ, ಅದನ್ನೇ ಕಾಗದದ ಮೇಲೆ ಮುಂದುವರಿಸಿ. 5, 25, 125, 625. ಏಳನೇ ಹಂತಕ್ಕೆ 78,125. ಹನ್ನೊಂದನೇ ಹಂತ ಮುಗಿಯುವಷ್ಟರಲ್ಲಿ ಮೇಲಿನಿಂದ ಕೆಳಗಿನವರೆಗೆ ಒಟ್ಟು ಸುಮಾರು 6 ಕೋಟಿ 10 ಲಕ್ಷ ಜನ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ ಸುಮಾರು 6 ಕೋಟಿ 11 ಲಕ್ಷ. ತೊಟ್ಟಿಲ ಮಗುವಿನಿಂದ ಹಿಡಿದು ಎಲ್ಲರೂ ಸೇರಿ ಆಯಿತು. ಹನ್ನೆರಡನೇ ಹಂತಕ್ಕೆ ಯಾರನ್ನು ಕರೆಯುತ್ತಾರೆ?

ಇದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ಈ 6 ಕೋಟಿ 10 ಲಕ್ಷದಲ್ಲಿ 4 ಕೋಟಿ 88 ಲಕ್ಷ ಜನ ಕೊನೆಯ ಹಂತದಲ್ಲೇ ಇರುತ್ತಾರೆ. ಅಂದರೆ 100ಕ್ಕೆ 80 ಜನ. ಅವರ ಕೆಳಗೆ ಯಾರೂ ಇಲ್ಲ. ಪಿರಮಿಡ್ ನಾಲ್ಕು ಹಂತದ್ದಿರಲಿ, ಹನ್ನೊಂದರದ್ದಿರಲಿ, ತಲಾ ಐವರ ಲೆಕ್ಕದಲ್ಲಿ ಹೆಚ್ಚುಕಡಿಮೆ ಇಷ್ಟೇ ಪಾಲು ಜನ ತಳದಲ್ಲಿರುತ್ತಾರೆ. ಅವರು ಸೋಮಾರಿಗಳಾದ್ದರಿಂದ ಹೀಗಾಯಿತು ಅಂತ ವೇದಿಕೆ ಮೇಲೆ ಹೇಳುತ್ತಾರೆ. ಅದು ಶುದ್ಧ ಸುಳ್ಳು. ಲೆಕ್ಕವೇ ಹಾಗಿದೆ, ಎಷ್ಟು ದುಡಿದರೂ ಬದಲಾಗುವುದಿಲ್ಲ.

ಲಕ್ಷ ಲಕ್ಷ ಕ್ರೆಡಿಟ್ ಆದ ಸ್ಕ್ರೀನ್‌ಶಾಟ್ ಸ್ಟೇಟಸ್‌ಗೆ ಹಾಕುತ್ತಾರೆ. ಸುಳ್ಳಾ?

ಸುಳ್ಳು ಸ್ಕ್ರೀನ್‌ಶಾಟ್ ಮಾಡುವುದು ಈಗ ಯಾರಿಗೂ ಕಷ್ಟವಲ್ಲ. ನಿಜವೇ ಇದ್ದರೂ ಅದು ಬಂದ ದುಡ್ಡು ಮಾತ್ರ, ಹೋದ ದುಡ್ಡು ಅದರಲ್ಲಿ ಕಾಣುವುದಿಲ್ಲ. ಐಡಿ ಆಕ್ಟಿವ್ ಇಡಲು ಕೊಂಡ ಮಾಲು, ಟ್ರೇನಿಂಗ್ ಟಿಕೆಟ್, ಹೋಟೆಲ್, ಪೆಟ್ರೋಲ್ ಎಲ್ಲ ಕಳೆದು ನೋಡಬೇಕು.

ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ 70 ನೆಟ್‌ವರ್ಕ್ ಮಾರ್ಕೆಟಿಂಗ್ ಕಂಪನಿಗಳು ತಾವೇ ಪ್ರಕಟಿಸಿದ ಆದಾಯ ವಿವರಗಳನ್ನು ಪರಿಶೀಲಿಸಿತು. ಬಹುಪಾಲು ಸದಸ್ಯರಿಗೆ ಸಿಕ್ಕಿದ್ದು ವರ್ಷಕ್ಕೆ 1,000 ಡಾಲರ್ ಅಥವಾ ಅದಕ್ಕಿಂತ ಕಡಿಮೆ. ಅದೂ ಖರ್ಚು ಕಳೆಯದೆ. ನಿಮ್ಮನ್ನು ಕರೆಯುವವರಿಗೆ ಕೇಳಿ: "ನಿಮ್ಮ ಹೋದ ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸ್ತೀರಾ?" ಸ್ಟೇಟಸ್‌ಗೆ ಹಾಕಲು ನಾಚದವರು ಇದಕ್ಕೆ ಮಾತ್ರ ಹಿಂದೇಟು ಹಾಕುತ್ತಾರೆ.

ನಾನು ಡಿಗ್ರಿ ಓದುತ್ತಿದ್ದೇನೆ. ಇನ್‌ಸ್ಟಾದಲ್ಲಿ "ಮೊಬೈಲ್ ಇದ್ದರೆ ಸಾಕು" ಅಂತ ನೋಡಿ ಮೆಸೇಜ್ ಮಾಡಿದೆ. ಡಿಜಿಟಲ್ ಮಾರ್ಕೆಟಿಂಗ್ ಕೋರ್ಸ್ ಕೊಂಡು, ಅದನ್ನೇ ಬೇರೆಯವರಿಗೆ ಮಾರಿದರೆ ಕಮಿಷನ್ ಅಂತೆ. ಇದು ನೆಟ್‌ವರ್ಕ್ ಮಾರ್ಕೆಟಿಂಗ್ ಅಲ್ಲ, ಅಫಿಲಿಯೇಟ್ ಅಂತಾರೆ.

ಹೆಸರಿಗಿಂತ ರಚನೆ ನೋಡಿ. ಕಮಿಷನ್ ಆಸೆ ಇಲ್ಲದೆ, ಬರೀ ಕಲಿಯುವುದಕ್ಕಾಗಿ ಆ ಕೋರ್ಸನ್ನು ಆ ಬೆಲೆಗೆ ಯಾರಾದರೂ ಕೊಳ್ಳುತ್ತಾರಾ? ಇಲ್ಲ ಅಂದರೆ ಕೋರ್ಸ್ ಒಂದು ನೆಪ.

ಮೊದಲೂ ಹೀಗೇ ಆಗಿದೆ. 2011ರ ಸುಮಾರಿಗೆ ಸ್ಪೀಕ್ ಏಷ್ಯಾ ಅನ್ನುವ ಕಂಪನಿ, 11,000 ರೂಪಾಯಿ ಕಟ್ಟಿ ಆನ್‌ಲೈನ್ ಸರ್ವೆ ತುಂಬಿದರೆ ವಾರ ವಾರ ದುಡ್ಡು ಅಂತ ಹೇಳಿ ದೇಶದ ತುಂಬ ಜನರನ್ನು ಸೇರಿಸಿತು. ಸರ್ವೆಗಳಿಂದ ಆದಾಯ ಹುಟ್ಟುತ್ತಿರಲಿಲ್ಲ. ಹೊಸಬರು ಕಟ್ಟಿದ್ದನ್ನು ಹಳಬರಿಗೆ ಹಂಚುತ್ತಿದ್ದರು ಅನ್ನುವುದೇ ತನಿಖೆಯ ಆರೋಪ. ನೋಯ್ಡಾದ ಇಬಿಜ್ ಕಂಪನಿ ಇ-ಲರ್ನಿಂಗ್ ಪ್ಯಾಕೇಜ್ ತೋರಿಸಿ ಸುಮಾರು 16,000 ರೂಪಾಯಿಗೆ ಸದಸ್ಯರನ್ನು ಮಾಡುತ್ತಿತ್ತು. ಸೇರಿದವರಲ್ಲಿ ಕಾಲೇಜು ಹುಡುಗ ಹುಡುಗಿಯರೇ ಜಾಸ್ತಿ. 2019ರಲ್ಲಿ ಸೈಬರಾಬಾದ್ ಪೊಲೀಸರು ಅದರ ಮುಖ್ಯಸ್ಥನನ್ನು ಬಂಧಿಸಿದರು. ಆಗ ಅಲ್ಲಿ ಕಮಿಷನರ್ ಆಗಿದ್ದವರು ಕನ್ನಡಿಗರೇ ಆದ ವಿ.ಸಿ. ಸಜ್ಜನರ್. ಇಂಥ ಕಂಪನಿಗಳ ಬಗ್ಗೆ ಅವರು ಯುವಕರನ್ನು ಎಚ್ಚರಿಸುತ್ತಲೇ ಬಂದಿದ್ದಾರೆ.

ಡಿಜಿಟಲ್ ಮಾರ್ಕೆಟಿಂಗ್ ಕಲಿಯಬೇಕು ಅನ್ನಿಸಿದರೆ ಕಲಿಯಿರಿ. ಅದಕ್ಕೆ ಉಚಿತ ಪಾಠಗಳು ಬೇಕಾದಷ್ಟಿವೆ, ಸರ್ಕಾರದ "ಸ್ವಯಂ" ಅನ್ನುವ ಆನ್‌ಲೈನ್ ಕಲಿಕೆಯ ಪೋರ್ಟಲ್ ಕೂಡ ಇದೆ. ಹಾಸ್ಟೆಲ್ ಫೀಸಿನ ದುಡ್ಡು ಅಲ್ಲಿ ಹಾಕಬೇಡಿ, ದಯವಿಟ್ಟು.

"ದುಡ್ಡಿಲ್ಲ" ಅಂದೆ. ಲೋನ್ ಆ್ಯಪ್ ಲಿಂಕ್ ಕಳಿಸಿದರು.

ಅಲ್ಲಿಗೆ ಮಾತು ಮುಗಿಸಿ. ನಂಬರ್ ಬ್ಲಾಕ್ ಮಾಡಿದರೂ ತಪ್ಪಿಲ್ಲ. ಒಡವೆ ಅಡ ಇಡಿ, ಕ್ರೆಡಿಟ್ ಕಾರ್ಡಲ್ಲಿ ಇಎಂಐ ಮಾಡಿಸಿ, ಸಂಘದ ಸಾಲ ತೆಗೆಯಿರಿ ಅನ್ನುವವರು ನಿಮ್ಮ ಒಳ್ಳೆಯದಕ್ಕೆ ಹೇಳುತ್ತಿಲ್ಲ. ಸಂಘದ ಸಾಲದ ಕಂತು ವಾರ ವಾರ ಬರುತ್ತದೆ, ಕಮಿಷನ್ ಬರುವುದಿಲ್ಲ.

ಶುಗರ್ ಕಡಿಮೆ ಮಾಡುತ್ತೆ, ಮಂಡಿ ನೋವು ಹೋಗುತ್ತೆ ಅಂತ ಪೌಡರ್ ಮಾರುತ್ತಾರೆ. ಅಮ್ಮನಿಗೆ ಕೊಡಬಹುದಾ?

ಡಾಕ್ಟರ್ ಹತ್ತಿರ ಕೇಳದೆ ಕೊಡಬೇಡಿ. ಡಬ್ಬಿ ಮೇಲೆ ಎಫ್‌ಎಸ್‌ಎಸ್‌ಎಐ ಅಂತ 14 ಅಂಕಿಯ ನಂಬರ್ ಇದ್ದರೆ ಅದು ಆಹಾರದ ಲೈಸೆನ್ಸ್, ಔಷಧಿಯದ್ದಲ್ಲ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಮುಂತಾದ ಕಾಯಿಲೆ ವಾಸಿಮಾಡುತ್ತೇವೆ ಅಂತ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ತಡೆದಿದೆ. ಮಾರುವವರು ಹೇಳುವುದು ಕೇಳಿ ಶುಗರ್ ಮಾತ್ರೆ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು. ಇದರಲ್ಲಿ ದಾಕ್ಷಿಣ್ಯ ಬೇಡವೇ ಬೇಡ.

ಕಟ್ಟಿಬಿಟ್ಟಿದ್ದೇನೆ. ದುಡ್ಡು ವಾಪಸ್ ಸಿಗುತ್ತಾ?

ಬೇಗ ಹೆಜ್ಜೆ ಇಟ್ಟರೆ ಸಿಗುವ ಸಾಧ್ಯತೆ ಇದೆ. ನಾಚಿಕೆಯಿಂದ ಸುಮ್ಮನೆ ಕೂರಬೇಡಿ, ದಿನ ಕಳೆದಷ್ಟೂ ಅವರಿಗೇ ಲಾಭ.

ಸದಸ್ಯರಾದವರಿಗೆ ದಂಡವಿಲ್ಲದೆ ಒಪ್ಪಂದ ಬಿಟ್ಟು ಹೊರಬರಲು ಒಂದಿಷ್ಟು ದಿನಗಳ ಅವಕಾಶ ಇರುತ್ತದೆ. ಅದಕ್ಕೆ ಕೂಲಿಂಗ್ ಆಫ್ ಅವಧಿ ಅನ್ನುತ್ತಾರೆ. ಎಷ್ಟು ದಿನ ಅಂತ ನಿಮ್ಮ ಒಪ್ಪಂದ ಪತ್ರದಲ್ಲಿ ಹುಡುಕಿ. ಸೀಲ್ ಒಡೆಯದ ಮಾಲನ್ನು ಬಳಸಬೇಡಿ, ಹಾಗೇ ಇಡಿ. "ನಾನು ಒಪ್ಪಂದ ರದ್ದು ಮಾಡುತ್ತಿದ್ದೇನೆ, ಹಣ ವಾಪಸ್ ಕೊಡಿ" ಅಂತ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ. ಸೇರಿಸಿದ ಗೆಳೆಯನಿಗೆ ಫೋನಲ್ಲಿ ಹೇಳಿದರೆ ಅದು ಲೆಕ್ಕಕ್ಕಿಲ್ಲ. ಅವನು "ಇನ್ನೊಂದು ತಿಂಗಳು ನೋಡು" ಅಂತಲೇ ಅನ್ನುತ್ತಾನೆ, ಅಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಕುಂದುಕೊರತೆ ಅಧಿಕಾರಿ 48 ಕೆಲಸದ ಗಂಟೆಗಳೊಳಗೆ ದೂರು ತಲುಪಿದೆ ಅಂತ ತಿಳಿಸಬೇಕು, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಬಗೆಹರಿಸಬೇಕು.

ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಮುಂದಿನ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಮೊತ್ತ 5 ಲಕ್ಷದವರೆಗೆ ಇದ್ದರೆ ಅಲ್ಲಿ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕು ಅಂತಲೂ ಇಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಕಂಪನಿಯೇ ಬೋಗಸ್, ವಂಚನೆ ಅಂತ ಗೊತ್ತಾದರೆ ಕಾಯಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಹತ್ತಿರದ ಸೈಬರ್ ಪೊಲೀಸ್ ಠಾಣೆಗೆ ದೂರು ಕೊಡಿ. ದುಡ್ಡು ಇನ್ನೂ ಖಾತೆಯಲ್ಲೇ ಇದ್ದರೆ ತಡೆಹಿಡಿಯುವ ದಾರಿ ಇದು.

ಯುಪಿಐ ರಸೀದಿ, ವಾಟ್ಸ್ಆ್ಯಪ್ ಮಾತುಕತೆ, ವಾಯ್ಸ್ ಮೆಸೇಜ್, ಮೀಟಿಂಗ್ ಆಹ್ವಾನ ಎಲ್ಲವನ್ನೂ ಉಳಿಸಿಕೊಳ್ಳಿ. ಗ್ರೂಪ್ ಬಿಡುವ ಮೊದಲೇ ಚಾಟ್ ಎಕ್ಸ್‌ಪೋರ್ಟ್ ಮಾಡಿ. ಪ್ರಶ್ನೆ ಎತ್ತಿದವರನ್ನು ಗ್ರೂಪಿಂದ ತೆಗೆಯುವುದು, ಹಳೇ ಮೆಸೇಜ್ ಡಿಲೀಟ್ ಮಾಡುವುದು ಅಲ್ಲಿ ಮಾಮೂಲು.

ನನ್ನ ಕೆಳಗೆ ಆರು ಜನರನ್ನು ಸೇರಿಸಿದ್ದೇನೆ. ಈಗ ಭಯ ಆಗುತ್ತಿದೆ.

ಭಯಕ್ಕೆ ಕಾರಣ ಇದೆ. 1978ರ ಕಾಯ್ದೆಯಲ್ಲಿ ಹಣ ಚಲಾವಣೆ ಯೋಜನೆ ನಡೆಸುವುದಷ್ಟೇ ಅಲ್ಲ, ಸದಸ್ಯರಾಗಿ ಸೇರುವುದೂ ನಿಷಿದ್ಧ. ಇವತ್ತಿನಿಂದಲೇ ಹೊಸಬರನ್ನು ಸೇರಿಸುವುದು ನಿಲ್ಲಿಸಿ. ಆ ಆರೂ ಜನಕ್ಕೆ ನೀವೇ ಫೋನ್ ಮಾಡಿ ನಿಜ ಹೇಳಿ, ಒಪ್ಪಂದ ರದ್ದು ಮಾಡಲು ಸಹಾಯ ಮಾಡಿ. ನಿಮಗೆ ಅವರಿಂದ ಬಂದ ಕಮಿಷನ್ ಇದ್ದರೆ ವಾಪಸ್ ಕೊಡಿ. ಮೊತ್ತ ದೊಡ್ಡದಿದ್ದರೆ ವಕೀಲರನ್ನು ಕಾಣಿ. ಬೈಗುಳ ಬರುತ್ತದೆ, ಕೇಳಿಸಿಕೊಳ್ಳಿ. ಆರು ಜನ ಮೂವತ್ತಾಗುವುದಕ್ಕಿಂತ ಅದೇ ವಾಸಿ.

ನಾನು ಸರ್ಕಾರಿ ಶಾಲೆ ಶಿಕ್ಷಕ. ಹೆಂಡತಿ ಹೆಸರಲ್ಲಿ ಐಡಿ ಮಾಡಿ ಅಂತಾರೆ.

ಸರ್ಕಾರಿ ನೌಕರರು ಅನುಮತಿ ಇಲ್ಲದೆ ಖಾಸಗಿ ವ್ಯಾಪಾರ ಮಾಡುವಂತಿಲ್ಲ. ಐಡಿ ಹೆಂಡತಿಯದು, ಜನರಿಗೆ ಫೋನ್ ಮಾಡುವುದು ನೀವು ಅಂತಾದರೆ ತೊಂದರೆ ನಿಮಗೇ. ಶಿಕ್ಷಕರನ್ನು ಹುಡುಕಿಕೊಂಡು ಬರುವುದು ಊರಲ್ಲಿ ಮೇಷ್ಟ್ರ ಮಾತಿಗೆ ಬೆಲೆ ಇದೆ ಅಂತ. ಅವರಿಗೆ ಬೇಕಾಗಿರುವುದು ಆ ಬೆಲೆ.

ನಾವು ಅಮೆರಿಕದಲ್ಲಿದ್ದೇವೆ. ಅಂಗಡಿಯಲ್ಲಿ ಒಬ್ಬರು "ನೀವು ಕನ್ನಡದವರಾ?" ಅಂತ ಮಾತಾಡಿಸಿ ನಂಬರ್ ತೆಗೆದುಕೊಂಡರು. ಈಗ "ಮೆಂಟರ್"ನ ಭೇಟಿ ಮಾಡಿಸ್ತೀನಿ ಅಂತಿದ್ದಾರೆ.

ಪರದೇಶದಲ್ಲಿ ಕನ್ನಡ ಕೇಳಿದರೆ ಮನಸ್ಸು ಕರಗುತ್ತದೆ, ಅದನ್ನೇ ಬಳಸಿಕೊಳ್ಳುತ್ತಾರೆ. ಕಂಪನಿ ಹೆಸರು ಕೇಳಿ, ನಂತರ ಆ ಕಂಪನಿಯ ಆದಾಯ ವಿವರ ಪತ್ರವನ್ನು ನೀವೇ ಹುಡುಕಿ ಓದಿ. ಅಡಿಟಿಪ್ಪಣಿಯನ್ನೂ ಬಿಡದೆ ಓದಿ, ಏನೂ ಗಳಿಸದವರನ್ನು ಲೆಕ್ಕದಿಂದ ಬಿಟ್ಟಿದ್ದರೆ ಅದು ಅಲ್ಲೇ ಇರುತ್ತದೆ. ಅಲ್ಲಿನ ಟ್ರೇಡ್ ಕಮಿಷನ್ 2016ರಲ್ಲಿ ಹರ್ಬಲೈಫ್ ಅನ್ನುವ ನೆಟ್‌ವರ್ಕ್ ಮಾರ್ಕೆಟಿಂಗ್ ಕಂಪನಿಯಿಂದ 20 ಕೋಟಿ ಡಾಲರ್ ಕಟ್ಟಿಸಿ, ವ್ಯಾಪಾರದ ರೀತಿಯನ್ನೇ ಬದಲಿಸಲು ಹೇಳಿತ್ತು. ವೀಸಾದ ಮೇಲೆ ಇರುವವರು ಇನ್ನೊಂದು ವಿಷಯ ನೆನಪಿಡಿ. ಹೊರಗಿನ ಆದಾಯ ನಿಮ್ಮ ವೀಸಾ ಷರತ್ತಿಗೆ ವಿರುದ್ಧವಾಗಬಹುದು. "ಎಲ್ಲರೂ ಮಾಡ್ತಿದಾರೆ" ಅನ್ನುವ ಮೆಂಟರ್ ಮಾತು ಬಿಟ್ಟು ಇಮಿಗ್ರೇಷನ್ ವಕೀಲರನ್ನು ಕೇಳಿ.

ನನ್ನ ತಮ್ಮ ಪೂರ್ತಿ ಒಳಗೆ ಹೋಗಿದ್ದಾನೆ. ಏನು ಹೇಳಿದರೂ "ನೀನು ನೆಗೆಟಿವ್" ಅಂತಾನೆ.

ಬೈದರೆ ಇನ್ನೂ ದೂರ ಹೋಗುತ್ತಾನೆ. "ಮನೆಯವರು ವಿರೋಧಿಸ್ತಾರೆ, ಅದೇ ನೀವು ಗೆಲ್ತಿದೀರ ಅನ್ನೋದಕ್ಕೆ ಸಾಕ್ಷಿ" ಅಂತ ಅವನಿಗೆ ಮೊದಲೇ ಹೇಳಿರುತ್ತಾರೆ. ನೀವು ಕೂಗಾಡಿದರೆ ಅವರು ಹೇಳಿದ್ದೇ ನಿಜವಾಗುತ್ತದೆ.

ಒಂದು ಭಾನುವಾರ ಅವನ ಜೊತೆ ಕೂತು ನೋಟ್‌ಬುಕ್ಕಲ್ಲಿ ಎರಡು ಕಾಲಂ ಬರೆಯಿರಿ, ಬಂದದ್ದು ಮತ್ತು ಹೋದದ್ದು. ವಾದ ಬೇಡ, ಅಭಿಪ್ರಾಯ ಬೇಡ. ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿಕೊಂಡು ಅವನ ಕೈಯಲ್ಲೇ ಬರೆಸಿ. ಇನ್ನು ಎಷ್ಟು ತಿಂಗಳು ನೋಡುತ್ತೀಯ, ಎಷ್ಟು ದುಡ್ಡು ಹೋದರೆ ನಿಲ್ಲಿಸುತ್ತೀಯ ಅಂತ ಕೇಳಿ, ಅವನು ಹೇಳಿದ ತಾರೀಖು ಮತ್ತು ಮೊತ್ತವನ್ನೂ ಅದೇ ಪುಟದಲ್ಲಿ ಬರೆಸಿ. ಅಲ್ಲಿಯವರೆಗೆ ಅವನಿಗೆ ಸಾಲ ಕೊಡಬೇಡಿ, ಜಾಮೀನು ಹಾಕಬೇಡಿ. ಅಪ್ಪನ ಪಿಂಚಣಿ ಖಾತೆ, ಅಮ್ಮನ ಒಡವೆ ಎರಡರ ಮೇಲೂ ಕಣ್ಣಿಡಿ. ಊಟಕ್ಕೆ ಕರೆಯುವುದನ್ನು, ಹಬ್ಬಕ್ಕೆ ಕರೆಯುವುದನ್ನು ಮಾತ್ರ ನಿಲ್ಲಿಸಬೇಡಿ. ಹೊರಗೆ ಬರಬೇಕು ಅನ್ನಿಸಿದ ದಿನ ಅವನು ಮೊದಲು ಫೋನ್ ಮಾಡುವುದು ತನ್ನನ್ನು ಆಡಿಕೊಳ್ಳದವರಿಗೆ.